ತಿರುಗಿದ ಮುಖ

"ಇದೇನ್ರೀ, ಎಲ್ಲರದೂ ಸರಿಯಾಗಿದೆ, ನನ್ನ ಮಗನ ಮುಖಕ್ಕೆ ಮಾತ್ರ ಮಸಿ ಬಳಿದಿದ್ದೀರಿ?"

ಮುದುಕಿ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಫೋಟೋಗ್ರಾಫರನ ಚಹಾ ಚೆಲ್ಲಿತು. ಅವಳ ಹಿಂದೆ ಸೊಸೆ ನಿಂತಿದ್ದಳು, ತೋಳಲ್ಲಿ ಕೂಸು. ಜಲಾಂತರ್ಗಾಮಿ ಬಂದರು ಬಿಟ್ಟು ಹೊರಟ ಬೆಳಗ್ಗೆ ತೆಗೆದ ಫೋಟೋ ಅದು. ಹಡಗಿನ ಕಿರಿದಾದ ಬೆನ್ನ ಮೇಲೆ ನಾವಿಕರು ಸಾಲಾಗಿ ನಿಂತಿದ್ದರು. ಕಬ್ಬಿಣದ ಒಂದೊಂದು ಮೊಳೆಯನ್ನೂ ಎಣಿಸಬಹುದಿತ್ತು, ಕ್ಯಾಪ್ಟನ್ನನ ಮೀಸೆಯ ಕೂದಲನ್ನೂ. ಸಾಲಿನ ಕೊನೆಯಲ್ಲಿದ್ದ ಎಂಜಿನ್ ಮೆಕ್ಯಾನಿಕ್ ಮುದುಕಿಯ ಮಗ; ಅವನ ಕೊರಳಿನಿಂದ ಮೇಲೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಒಂದು ಮಸುಕು. ಆವತ್ತು ನೀರಿಗಿಳಿದ ಹಡಗು ಮತ್ತೆ ಮೇಲೆ ಬರಲಿಲ್ಲ. ಮುಳುಗೋದಕ್ಕೆಂದೇ ಕಟ್ಟಿದ್ದು, ಕಲಿತ ವಿದ್ಯೆ ಮರೆಯಲಿಲ್ಲ ಎಂದು ಬಂದರಿನ ಬಾಯಿಬಡುಕರು ಆಡಿಕೊಂಡದ್ದೂ ಆಗಿತ್ತು.

ಸೊಸೆ ಮೆಲ್ಲಗೆ ವಿಷಯ ಹೇಳಿದಳು. ಗಂಡನ ಫೋಟೋ ಇನ್ನೊಂದಿಲ್ಲ. ಮದುವೆಯಲ್ಲೂ ತೆಗೆಸಲಿಲ್ಲ, ಮುಂದೆ ತೆಗೆಸಿದರಾಯಿತು ಅಂದಿದ್ದರಂತೆ. ಮಗು ದೊಡ್ಡದಾಗಿ ಅಪ್ಪ ಹೇಗಿದ್ದ ಎಂದು ಕೇಳಿದರೆ ತೋರಿಸಲು ಒಂದು ಮುಖ ಬೇಕು, ಅಷ್ಟೇ. ಫೋಟೋಗ್ರಾಫರ್ ಫೋಟೋವನ್ನು ಹತ್ತಿರಕ್ಕೆಳೆದುಕೊಂಡ. ಮಸುಕಿನ ಮೇಲೆ ಸಣ್ಣ ಕುಂಚದಿಂದ ಮುಖ ಬರೆದುಕೊಡುತ್ತೇನೆ, ಕಣ್ಣು ಮೂಗು ಹೇಗಿದ್ದವೋ ಹೇಳಿ ಎಂದ. ಅವಳು ಆಸೆಯಿಂದ, ಹುಬ್ಬುಗಳು ಕೂಡಿಕೊಂಡಿದ್ದವು ಎಂದು ಶುರುಮಾಡಿದಳು.

ಅಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಮುದುಕಿ ಬಿಡಬೇಕಲ್ಲ! ಕೆಲಸ ಬಾರದವನು ಕ್ಯಾಮರಾ ಯಾಕೆ ಹಿಡಿಯಬೇಕು, ಹೋಗಿ ಮೀನು ಹಿಡಿಯಬಾರದಿತ್ತೇ ಎಂದುಬಿಟ್ಟಳು. ಫೋಟೋಗ್ರಾಫರ್ ಬೇರೆ ಏನಂದರೂ ತಡೆದುಕೊಂಡಾನು, ಕಸುಬಿಗೆ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಮೋಡ ಕವಿದು ಬೆಳಕು ಕಡಿಮೆಯಿತ್ತು, ಮೂರು ಎಣಿಸುವವರೆಗೆ ಯಾರೂ ಅಲ್ಲಾಡಬೇಡಿ ಎಂದು ಬಾಯಿ ಬಡಿದುಕೊಂಡಿದ್ದೆ, ಎರಡು ಎನ್ನುವಷ್ಟರಲ್ಲಿ ನಿಮ್ಮ ಮಗನೇ ತಿರುಗಿದ್ದು, ನನ್ನದೇನು ತಪ್ಪು ಎಂದು ಕೇಳಿದ. ಆಮೇಲೆ ಸೊಸೆಯ ಮುಖ ನೋಡಿ ದನಿ ಮೆತ್ತಗಾಯಿತು.

"ಬೇಜಾರು ಮಾಡ್ಕೋಬೇಡಿ ತಾಯಿ. ನೀವೇ ಅಲ್ವಾ ಬಂದರಿನ ಕಟ್ಟೆ ಮೇಲಿಂದ ಕರೆದಿದ್ದು? ದೂರದಲ್ಲಿ ನೀಲಿ ಶಾಲು ಹೊದ್ದು ನಿಂತಿದ್ರಿ. ನಿಮ್ಮ ದನಿ ಕೇಳಿದ್ದೇ ತಡ, ಯಜಮಾನ್ರು ತಿರುಗಿ ನಕ್ಕುಬಿಟ್ರು. ಅಂಥಾ ನಗು ನಾನು ನೋಡೇ ಇಲ್ಲ."

ಸಮಾಧಾನಕ್ಕೆಂದೇ ಹೇಳಿದ್ದು, ಪಾಪ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೊಸೆ ಕೂಸನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ಇವಳು ಹುಟ್ಟಿದ್ದು ಆವತ್ತು ಬೆಳಗ್ಗೇನೇ," ಎಂದಳು. "ನಾನು ಹಾಸಿಗೇಲಿದ್ದೆ."

"ನಾನೇ ಕಣೇ ಕರೆದಿದ್ದು." ಮುದುಕಿ ಉಸಿರು ಬಿಡದೆ ಹೇಳಿದಳು. "ಆ ಶಾಲು ನಂದೇ."

ಸೊಸೆ ಅವಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ನೀವು ನನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ರಿ ಅತ್ತೆ," ಎಂದಳು. "ಹಾಗಾದ್ರೆ ಆ ಶಾಲಿನವಳು ಯಾರೂಂತ ನಿಮಗೂ ಗೊತ್ತಿತ್ತು."

ಅಷ್ಟು ಹೊತ್ತು ಊರು ಕೇಳುವ ಹಾಗೆ ಕೂಗಾಡಿದ್ದ ಮುದುಕಿ ಸೆರಗಿನ ತುದಿಯಿಂದ ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸತೊಡಗಿದಳು. ಫೋಟೋಗ್ರಾಫರನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಏನು ಮಾಡಲೂ ತೋಚದೆ ಕುಂಚ ಕೈಗೆತ್ತಿಕೊಂಡ. ಹುಬ್ಬು ಕೂಡಿದ್ದವು ಅಂದಿರಲ್ಲ, ನಾಳೆಯೊಳಗೆ ಬರೆದಿಡುತ್ತೇನೆ ಎಂದು ತೊದಲಿದ.

ಸೊಸೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಂಡನ ಮುಖ ಇರಬೇಕಾಗಿದ್ದ ಜಾಗವನ್ನು ಬಹಳ ಹೊತ್ತು ನೋಡಿದಳು.

"ಬೇಡ," ಎಂದಳು. "ಚೌಕಟ್ಟು ಹಾಕಿ ಹೀಗೇ ಕೊಟ್ಟುಬಿಡಿ. ಅವರು ಇದ್ದ ಹಾಗೇ ಬಂದಿದೆ."