ಆಮೆಯ ನಾಲ್ಕನೆಯ ಪ್ರಶ್ನೆ

ಮೂರು ಗೈಡು ಹುಡುಕಿದರೂ ಆಮೆ ಸಿಗಲಿಲ್ಲ.

"ಹಳೇ ಪ್ರಶ್ನೆಪತ್ರಿಕೆಯಲ್ಲೂ ಇಲ್ಲ ಮಾರಾಯ," ಎಂದಳು ವಿನುತಾ.

"ಹಳೇದ್ರಲ್ಲಿ ಎಲ್ಲಿಂದ ಇರೂದು? ಬರೂದ್ರಲ್ಲಿ ಇರ್ತದೆ." ಅನೂಪ ದನಿ ತಗ್ಗಿಸಿದ. "ಪೇಪರ್ ಲೀಕ್ ಆಯ್ದು."

ಕಾಯ್ಕಿಣಿ ಕಡೆಯ ಆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹುದ್ದೆ ಖಾಲಿ ಬಿದ್ದು ಎರಡು ವರ್ಷ. ಸಮಾಜ ವಿಜ್ಞಾನದ ಅಕ್ಷಯ ಮಾಸ್ತರರೇ ಅದನ್ನೂ ಎಳೆಯುತ್ತಿದ್ದರು. ಇಸವಿ ಹೇಳದೆ ಚಹಾ ಕುಡಿದವರಲ್ಲ ಅವರು. ಇಂಗ್ಲಿಷಿಗೆ ಅವರಲ್ಲಿದ್ದ ಮದ್ದು ಒಂದೇ: ಪ್ರಶ್ನೆಯ ಶಬ್ದ ಹಿಡಿ, ಪ್ಯಾಸೇಜಿನಲ್ಲಿ ಅದೇ ಶಬ್ದ ಹುಡುಕು, ಆ ವಾಕ್ಯವನ್ನು ಇಡಿಯಾಗಿ ಎತ್ತಿ ಬರೆ. ಅರ್ಥವಾಗಲೇಬೇಕೆಂದಿಲ್ಲ. ಪ್ಯಾಸೇಜು ಜಪಾನಿನದ್ದಾದರೂ ವಿನುತಾ ನಾಲ್ಕಕ್ಕೆ ಮೂರು ಅಂಕ ಎತ್ತಿ ತರುತ್ತಿದ್ದಳು.

ತೊಂದರೆ ಆ ನಾಲ್ಕನೆಯದು. ಹತ್ತನೆಯ ತರಗತಿಯ ಮೊದಲನೆಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಒಂದೇ ಅಂಕಕ್ಕೆ ಇಂಗ್ಲಿಷ್ ಹೋಗಿತ್ತು. ಎರಡನೆಯದರಲ್ಲೂ ಹೋದರೆ ಓದು ಸಾಕು, ಅತ್ತೆಯ ಟೈಲರಿಂಗ್ ಅಂಗಡಿಗೆ ನಡೆ ಎಂದು ಅಮ್ಮ ದುರ್ಗಿ ಹೇಳಿಯಾಗಿತ್ತು. ಅತ್ತೆ ಆಗಲೇ ಹೊಸ ಸ್ಟೂಲು ತರಿಸಿದ್ದಳು.

ಇಂಥ ಹೊತ್ತಿನಲ್ಲೇ ಶನಿವಾರದ ಪ್ಯಾಸೇಜು ಶುರುವಾದದ್ದು. ಸರ್ ಅಂಗೈಯಲ್ಲಿ ಮರೆಮಾಡಿಕೊಂಡ ಮೊಬೈಲು ನೋಡಿ ಬೋರ್ಡಿನ ಮೇಲೆ ಬರೆದರು. ಹೊನ್ನಾವರದ ಹೊಳೆಯ ಆಮೆಗೆ ಕುಮಟೆಯ ಹೊಳೆಯ ಮಿಂಚುಳ್ಳಿಯ ಪರಿಚಯವಾಗುತ್ತದೆ. ಆಮೆ ದಂಡೆಯ ಒಂದೊಂದು ಕಲ್ಲಿನ ಚರಿತ್ರೆಯನ್ನೂ ತಾಸುಗಟ್ಟಲೆ ಹೇಳುತ್ತದೆ. 'ಬಹಳ ಮಾಹಿತಿ ಸಿಕ್ಕಿತು' ಎನ್ನುತ್ತದೆ ಮಿಂಚುಳ್ಳಿ. ನಾಲ್ಕನೆಯ ಪ್ರಶ್ನೆ: ಮಿಂಚುಳ್ಳಿಗೆ ಖುಷಿಯಾಯಿತೇ?

ವಿನುತಾ ಮಾಹಿತಿಯ ವಾಕ್ಯವನ್ನು ಎತ್ತಿ ಬರೆದಳು.

"ಇದು ಅದು ಹೇಳಿದ್ದು. ನನಗೂ ಗೊತ್ತಿದ್ದು," ಎಂದರು ಸರ್. "ಮನಸ್ಸಿನಲ್ಲಿ ಎಂತ ಇತ್ತು?"

"ಮನಸ್ಸು ಪ್ಯಾಸೇಜಿನಲ್ಲಿ ಇಲ್ಲ ಸರ್."

"ಅದೇ ತೊಂದರೆ." ಸರ್ ತಮ್ಮ ಕರವಸ್ತ್ರದಿಂದಲೇ ಬೋರ್ಡು ಒರೆಸಿದರು. "ಇದು ಕ್ಲಾಸಿನಲ್ಲೇ ಇರಲಿ. ಹೆಡ್‌ಮಿಸ್ಸಿಗೆ ಹೇಳೂದು ಬೇಡ."

ಅನೂಪನಿಗೆ ಅಷ್ಟೇ ಸಾಕಿತ್ತು. ಜೊತೆಗೆ ಸ್ಟಾಫ್‌ರೂಮಿನ ಕಿಟಕಿಯಲ್ಲಿ ಹೆಡ್‌ಮಿಸ್ ನರ್ಮದಾ ಮೇಡಂ ಗದರುವುದನ್ನೂ ಕೇಳಿಸಿಕೊಂಡು ಬಂದ: "ಕುಮಟೆಯವರಿಗೆ ನಾನು ಇನ್ನೆಷ್ಟು ದಿನ ಕಾಯಿರಿ ಹೇಳಲಿ? ಈ ತಿಂಗಳೊಳಗೆ ಒಂದು ಉತ್ತರ ಕೊಡಿ ಅಕ್ಷಯ!"

ಈ ಸಲ ಪ್ರಶ್ನೆಪತ್ರಿಕೆ ತೆಗೆಯುವವರು ಕುಮಟೆಯವರಂತೆ ಎಂಬ ಸುದ್ದಿ ಮೊದಲೇ ಇತ್ತು. ಅನೂಪ ಲೆಕ್ಕ ಹಾಕಿದ: ಪತ್ರಿಕೆ ಸರ್ ಮೊಬೈಲಿಗೆ ಬಂದಿದೆ. ಉತ್ತರ ಅವರಿಗೂ ಗೊತ್ತಿಲ್ಲ. ಅದಕ್ಕೇ ನಮ್ಮ ಕೈಯಲ್ಲಿ ಬರೆಸುತ್ತಿದ್ದಾರೆ. ಮೂವತ್ತೊಂದು ಮಕ್ಕಳೂ ಯಾರಿಗೂ ಬಾಯಿ ಬಿಡಲಿಲ್ಲ. ಆ ಶಾಲೆಯಲ್ಲಿ ಅಷ್ಟು ಶಿಸ್ತು ಹಿಂದೆಂದೂ ಕಂಡಿರಲಿಲ್ಲ.

ಎರಡನೆಯ ಶನಿವಾರದ ಪ್ಯಾಸೇಜಿನಲ್ಲಿ ಮಿಂಚುಳ್ಳಿ ಹೇಳಿ ಕಳಿಸಿತು: 'ಭಾನುವಾರ ನನಗೆ ಬಿಡುವು. ನಿನಗೆ ಈ ಕಡೆ ಏನಾದರೂ ಕೆಲಸವಿದ್ದರೆ.' ಈ ಕಡೆ ತನಗೇನೂ ಕೆಲಸವಿಲ್ಲ ಎಂದು ಆಮೆ ಉತ್ತರ ಕಳಿಸಿತು. ಮಿಂಚುಳ್ಳಿ ಭಾನುವಾರದ ಮಾತು ತೆಗೆದದ್ದೇಕೆ?

ಎತ್ತಿ ಬರೆಯಲು ಏನೂ ಇರಲಿಲ್ಲ. ವಿನುತಾ ಮನೆಗೆ ಬಂದು ಡಿಕ್ಷನರಿ ಹಿಡಿದು ಒಂದೊಂದೇ ಶಬ್ದದ ಅರ್ಥ ತೆಗೆದಳು. ಕೊನೆಗೆ ಒಣಮೀನು ಆರಿಸುತ್ತಿದ್ದ ಅಜ್ಜಿ ಸಣ್ಣಮ್ಮನಿಗೆ ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳಿದಳು. ಸಣ್ಣಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

"ಬಾ ಹೇಳಿ ಕರೂದಲ್ವನೇ ಅದು! ಆ ಆಮೆಗೆ ತಲೆ ಇಲ್ವಾ?"

"ಬಾ ಅಂತ ಎಲ್ಲೂ ಬರೀಲಿಲ್ಲ ಅಜ್ಜಿ."

"ಎಲ್ಲ ಬರೆದೇ ಹೇಳೂಕೆ ಅದೆಂತ ಪಂಚಾಯ್ತಿ ನೋಟೀಸಾ?"

ಅಂದಿನಿಂದ ವಿನುತಾ ಪ್ಯಾಸೇಜು ಓದುವ ಬಗೆಯೇ ಬದಲಾಯಿತು. ಗೈಡಿನಲ್ಲಿದ್ದ ಎಲ್ಲ ಪ್ಯಾಸೇಜುಗಳನ್ನೂ ಮತ್ತೆ ತೆಗೆದು, ಬರೆಯದೆ ಬಿಟ್ಟದ್ದು ಏನು ಎಂದು ಹುಡುಕುತ್ತ ಕೂತಳು. ದುರ್ಗಿ ಬಂದು ಹಣೆ ಮುಟ್ಟಿ ನೋಡಿ ಹೋದಳು.

ಮೂರನೆಯ ಶನಿವಾರದ್ದು ಮಿಂಚುಳ್ಳಿಯ ಬರೀ ಎರಡು ಸಾಲು. 'ಮುಂದಿನ ವಾರ ಶಿರಸಿ ಕಡೆಯ ಕೊಕ್ಕರೆಯೊಂದು ನಮ್ಮ ಹೊಳೆಗೆ ಬರುತ್ತಿದೆ. ನಿನಗೆ ತಿಳಿದಿರಲಿ ಎಂದು ಹೇಳಿದೆ, ಅಷ್ಟೆ.' ನಾಲ್ಕನೆಯ ಪ್ರಶ್ನೆ ಬರೆಯುವಾಗ ಸರ್ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು: ಆಮೆ ಈಗ ಏನು ಮಾಡಬೇಕು?

ವಿನುತಾ ತನ್ನದೇ ಇಂಗ್ಲಿಷಿನಲ್ಲಿ ಬರೆದಳು: ಆಮೆ ಇವತ್ತೇ ಕುಮಟೆಗೆ ಹೋಗಬೇಕು. ಕಲ್ಲಿನ ಸುದ್ದಿ ಎತ್ತಬಾರದು. ಬಾಯಿ ಮುಚ್ಚಿಕೊಂಡು ಮಿಂಚುಳ್ಳಿಯ ಮಾತು ಕೇಳಬೇಕು.

ಸರ್ ಅದನ್ನು ಮೂರು ಸಲ ಓದಿದರು. ಮೂರು ತಪ್ಪು ಸ್ಪೆಲ್ಲಿಂಗಿಗೂ ಕೆಂಪು ಶಾಯಿ ತಾಗಿಸದೆ ನಾಲ್ಕಕ್ಕೆ ನಾಲ್ಕು ಕೊಟ್ಟರು. "ಬಾಯಿ ಮುಚ್ಚಿಕೊಂಡು ಅನ್ನೂದು ಬೇಕೇ ಬೇಕಾ?" ಎಂದಷ್ಟೇ ಕೇಳಿದರು.

"ಅದೇ ಮುಖ್ಯ ಸರ್."

ಸರ್ ಕೂಡಲೇ ರಜೆ ಚೀಟಿ ಬರೆದಿಟ್ಟು, ಊಟದ ಡಬ್ಬಿಯನ್ನು ಮೇಜಿನ ಮೇಲೇ ಮರೆತು ಕುಮಟೆಯ ಬಸ್ಸಿಗೆ ಓಡಿದರು.

"ಪೇಪರ್ ಪಕ್ಕಾ ಮಾಡ್ಕೊಂಬೂಕೆ," ಎಂದ ಅನೂಪ.

ಎರಡನೆಯ ಪ್ರಿಪರೇಟರಿಯಲ್ಲಿ ಆಮೆ ಬರಲಿಲ್ಲ. ಜೇನು ಸಾಕುವ ಮುದುಕನೊಬ್ಬ ಬಂದಿದ್ದ. ಮೂವತ್ತು ಮಕ್ಕಳು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಇಷ್ಟು ಕಲಿತದ್ದು ಹಾಳಾಗಬಾರದೆಂದು ಅನೂಪ ತನ್ನ ಉತ್ತರದಲ್ಲಿ ಮುದುಕನನ್ನು ಭಾನುವಾರ ಕುಮಟೆಗೆ ಕಳಿಸಿ ಬಂದ. ಮುದುಕ ಒಂದು ಪೆಟ್ಟಿಗೆಯನ್ನು ಮಾತ್ರ ತೆರೆಯದೆ ಬಿಟ್ಟನೇಕೆ ಎಂಬುದು ನಾಲ್ಕನೆಯ ಪ್ರಶ್ನೆ. ಕಾರಣವನ್ನು ಪ್ಯಾಸೇಜಿನಲ್ಲಿ ಎಲ್ಲೂ ಹೇಳಿರಲಿಲ್ಲ. ಅವನ ಹೆಂಡತಿ ಕೊನೆಯದಾಗಿ ಇಟ್ಟ ಪೆಟ್ಟಿಗೆ ಅದು ಎಂಬುದನ್ನು ಮೇಲಿನ ಸಾಲಿನಲ್ಲೇ ಕಂಡ ವಿನುತಾ ನಗುತ್ತ ಉತ್ತರ ಬರೆದಳು. ಇಂಗ್ಲಿಷಿನಲ್ಲಿ ಐವತ್ತೊಂದು. ಅತ್ತೆಯ ಹೊಸ ಸ್ಟೂಲಿನ ಮೇಲೆ ಬಟ್ಟೆಗಂಟು ಕೂತಿತು.

ಹಾಲ್ ಟಿಕೆಟ್ ಕೊಡುವ ದಿನ ನರ್ಮದಾ ಮೇಡಂ ಕ್ಲಾಸಿಗೆ ಲಾಡಿನ ಡಬ್ಬಿ ಹಿಡಿದು ಬಂದರು. ಹಿಂದೆ, ಕೈಯಲ್ಲೊಂದು ಕಟ್ಟು ಹಿಡಿದು ನೆಲ ನೋಡುತ್ತ ಅಕ್ಷಯ ಸರ್. ಇಬ್ಬರ ನಡುವೆ ಕಡುನೀಲಿ ಸೀರೆಯ ಒಬ್ಬಳು.

"ಇವಳು ಸ್ಮೃತಿ. ನನ್ನ ತಂಗಿಯ ಮಗಳು, ಕುಮಟೆಯಲ್ಲಿ ಇಂಗ್ಲಿಷ್ ಟೀಚರ್," ಎಂದರು ಮೇಡಂ. ಸರ್ ಕಟ್ಟು ಬಿಚ್ಚಿ, ಅರಿಸಿನ ಹಚ್ಚಿದ ಮದುವೆ ಕಾಗದವನ್ನು ಮೊದಲ ಬೆಂಚಿನಿಂದ ಹಂಚತೊಡಗಿದರು.

ನೀಲಿ ಸೀರೆಯವಳು ಬೆಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ ಕೇಳಿದಳು: "ಆಮೆಗೆ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತು ಎಂದವಳು ಯಾರೇ?"