ಎಳೆಕೂಸುಗಳ ಕೋಣೆಯ ತವರು

ಬಟ್ಟೆ ಒಗೆಯುವ ಕಟ್ಟಡದ ನೆಟ್‌ವರ್ಕ್ ಪೆಟ್ಟಿಗೆಯನ್ನು ಆಫ್ ಮಾಡಲು ಇನ್ನೊಂದೇ ಗಂಟೆ ಇದ್ದಾಗ ತಂತಿಯಣ್ಣ ಗೋಡೆಯ ನಕ್ಷೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ಇಂಜಿನಿಯರಮ್ಮನಿಗೆ ಆ ಸದ್ದು ಹಿಡಿಸಲಿಲ್ಲ. ಆಸ್ಪತ್ರೆಯ ಮುನ್ನೂರು ಚಿಲ್ಲರೆ ಪೆಟ್ಟಿಗೆಗಳಿಗೆ ತಂತಿ ಎಳೆದವನು ಅವನು; ಅವನ್ನೆಲ್ಲ ಕಂಪ್ಯೂಟರಿನೊಳಗೆ ಶಿಸ್ತಾಗಿ ಕೂರಿಸಿದವಳು ಇವಳು. ಎಂಟು ತಿಂಗಳಿಂದ ಕರೆದರೂ ಇತ್ತ ತಲೆ ಹಾಕದವನು, ನಕ್ಷೆ ಅಚ್ಚಾಗಿ ಗೋಡೆಗೆ ಅಂಟಿದ ಮೇಲೆ, ಹಲ್ಲುಕಡ್ಡಿ ಕಚ್ಚಿಕೊಂಡು ಬಂದಿದ್ದ.

"ಚೆನ್ನಾಗಿದೆಯಮ್ಮ. ವಂಶವೃಕ್ಷ ಬರೆದ ಹಾಗೆ ಬರೆದಿದೀಯ."

"ವಂಶವೃಕ್ಷವೇ ಅಣ್ಣ. ಒಂದೊಂದು ಪೆಟ್ಟಿಗೆಗೂ ಒಂದು ಚೀಟಿ. ಹೆಸರೇನು, ತಾಯಿ ಯಾರು, ಮಕ್ಕಳು ಯಾರು, ಎಲ್ಲ ಅದರಲ್ಲಿದೆ. ಯಾವುದನ್ನ ಆಫ್ ಮಾಡಬೇಕೋ ಅದನ್ನ ಒತ್ತಿದರೆ ಯಾರಿಗೆಲ್ಲ ತೊಂದರೆ ಅಂತ ಕೆಂಪಗೆ ತೋರಿಸುತ್ತೆ." ಕಂಪ್ಯೂಟರಿನಲ್ಲಿ ಒತ್ತಿ ತೋರಿಸಿದಳು. ಮೂರು ಚುಕ್ಕೆ ಕೆಂಪಾದವು: ಒಗೆಯುವ ಯಂತ್ರಗಳ ಕೋಣೆ, ಇಸ್ತ್ರಿ ಕೋಣೆ, ಕಾವಲುಗಾರನ ಗೂಡು. ಮೂವರಿಗೂ ಬೆಳಿಗ್ಗೆಯೇ ತಿಳಿಸಿಯಾಗಿತ್ತು. ಹೊಸ ಪೆಟ್ಟಿಗೆ ಕೂರಿಸುವವರು ಆಗಲೇ ಆ ಕಟ್ಟಡದಲ್ಲಿ ಕಾಯುತ್ತಿದ್ದರು.

ತಂತಿಯಣ್ಣ ಕಡ್ಡಿಯನ್ನು ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ದಾಟಿಸಿದ. "ನಾಲ್ಕನೆಯವಳು ಎಲ್ಲಿ?"

"ಯಾವ ನಾಲ್ಕನೆಯವಳು?"

"ಎಳೆಕೂಸುಗಳ ಕೋಣೆಯವಳು. ಬೀರು ಮೇಲೆ ಕೂತಿದಾಳಲ್ಲ, ಅವಳು."

"ಆ ಪೆಟ್ಟಿಗೆ ಹೆರಿಗೆ ವಿಭಾಗದ್ದು ಅಣ್ಣ. ಎರಡನೇ ಮಹಡಿ. ಅದರ ತಾಯಿ ಅದೇ ಮಹಡಿಯ ದೊಡ್ಡ ಪೆಟ್ಟಿಗೆ. ನೋಡಿ, ಇಲ್ಲಿದೆ."

"ಅವಳು ಬಾಳ್ತಾ ಇರೋದು ಅಲ್ಲಿ," ಎಂದು ಅವನು ನಕ್ಷೆಯ ಆ ತುದಿಯಿಂದ ಈ ತುದಿಗೆ ಬೆರಳೆಳೆದು ಬಟ್ಟೆ ಒಗೆಯುವ ಕಟ್ಟಡದ ಮೇಲಿಟ್ಟ. "ತವರು ಇಲ್ಲಿ. ಆ ಕೋಣೆ ಶುರುವಾದಾಗ ಮಹಡೀಲಿ ದೊಡ್ಡ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಹಿಂದಿನ ಕಿಟಕಿಯಿಂದ ಎದುರಿನ ಕಟ್ಟಡಕ್ಕೆ ತಂತಿ ಎಳೆದೆ. ಎರಡು ದಿನದ ಮಟ್ಟಿಗೆ ಅಂತ."

"ಯಾವಾಗ?"

"ಒಂಬತ್ತು ವರ್ಷ ಆಯ್ತು."

ಇಂಜಿನಿಯರಮ್ಮ ಗಡಿಯಾರ ನೋಡಿದಳು. ಹನ್ನೊಂದು ಕೂಸುಗಳ ಎದೆಬಡಿತ ಸಿಸ್ಟರ್ ಮೇಜಿನ ಒಂದೇ ಪರದೆಗೆ ಬಂದು ಸೇರುವುದು ಆ ಪೆಟ್ಟಿಗೆಯ ಮೂಲಕ. ಆದರೂ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಎಂಟು ತಿಂಗಳ ಕೆಲಸ, ಹಲ್ಲುಕಡ್ಡಿಯ ಮುಂದೆ ಸೋಲುವುದೆಂದರೇನು? ತಂತಿಯ ಆಚೆ ತುದಿಯಲ್ಲಿ ಯಾರಿದ್ದಾರೆಂದು ಕೇಳಿದರೆ ಈ ಪೆಟ್ಟಿಗೆಗಳೇ ಹೇಳುತ್ತವೆ. ಅವಳು ಕೇಳಿರಲಿಲ್ಲ. ಬಾಗಿಲ ಮೇಲಿನ ಸಂಖ್ಯೆ ನೋಡಿ, ಇದ್ದ ಮನೆಯನ್ನೇ ಹುಟ್ಟಿದ ಮನೆ ಎಂದು ಬರೆದುಕೊಂಡು ಬಂದಿದ್ದಳು. ಈಗ ಕೂತಲ್ಲಿಂದಲೇ ಕಂಪ್ಯೂಟರಿನ ಮೂಲಕ ಆ ಪೆಟ್ಟಿಗೆಯನ್ನು ಕೇಳಿದಳು. ಬೀರುವಿನ ಮೇಲಿನವಳು ಬಟ್ಟೆ ಒಗೆಯುವ ಕಟ್ಟಡದ ಹೆಸರು ಹೇಳಿದಳು.

"ಮೊದಲೇ ಯಾಕೆ ಹೇಳಲಿಲ್ಲ ಅಣ್ಣ?"

"ಯಾರ್ಯಾರು ಎಲ್ಲೆಲ್ಲಿ ಕೂತಿದಾರೆ ಅಂತ ನೀನು ಫೋನಲ್ಲಿ ಕೇಳಿದೆ, ನಾನು ಹೇಳಿದೆ. ಎಲ್ಲಿಂದ ಬಂದವರು ಅಂತ ನೀನೆಲ್ಲಿ ಕೇಳಿದೆ?"

ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು. ಕಾಯುತ್ತಿದ್ದವರಿಗೆ ಫೋನ್ ಮಾಡಿ ಇನ್ನರ್ಧ ಗಂಟೆ ಹೆಚ್ಚು ಕಾಯಲು ಕೇಳಿಕೊಂಡಳು. ತಂತಿಯಣ್ಣ ಏಣಿ ಹೊತ್ತ, ಅವಳು ತಂತಿಯ ಸುರುಳಿ ಹೊತ್ತಳು. ಎಳೆಕೂಸುಗಳ ಕೋಣೆಯಲ್ಲಿ ಸಿಸ್ಟರ್ ಒಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

"ತಂತಿ ಬದಲಾಯಿಸಬೇಕು ಸಿಸ್ಟರ್. ನಿಮ್ಮ ಪರದೆ ಒಂದು ಕ್ಷಣ ಹೋಗಿ ಬರುತ್ತೆ. ಮಂಚದ ಪಕ್ಕದ ಯಂತ್ರಗಳು ನಡೀತಾನೇ ಇರುತ್ವೆ."

"ಏನಾದರೂ ಮಾಡಿಕೊಳ್ಳಿ, ಸದ್ದು ಮಾತ್ರ ಬೇಡ. ಈಗಷ್ಟೇ ಎಲ್ಲ ಮಲಗಿವೆ."

ತಂತಿಯಣ್ಣ ಚಪ್ಪಲಿ ಬಿಟ್ಟು ಏಣಿ ಹತ್ತಿದ. ಮಹಡಿಯ ದೊಡ್ಡ ಪೆಟ್ಟಿಗೆಯಿಂದ ಹೊರಟ ಹೊಸ ತಂತಿ ಬಾಗಿಲ ಮೇಲಿನ ಗಾಳಿಕಿಂಡಿ ದಾಟಿ ಬೀರುವಿಗೆ ಬಂತು. ಹಳೆಯದನ್ನು ಕಿತ್ತ, ಹೊಸದನ್ನು ಒತ್ತಿದ. ಪರದೆ ಕಪ್ಪಾಯಿತು. ಅವಳು ನಾಲ್ಕು ಎಣಿಸುವಷ್ಟರಲ್ಲಿ ಹನ್ನೊಂದು ಹಸಿರು ಗೆರೆಗಳು ಮತ್ತೆ ಕುಣಿಯತೊಡಗಿದವು.

ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಅವಳು ಲ್ಯಾಪ್‌ಟಾಪ್ ತೆರೆದಳು. ಪ್ರತಿ ಚೀಟಿಗೂ ತುಂಬಲು ಹೊಸದೊಂದು ಖಾಲಿ ಮನೆ ಸೇರಿಸಿದಳು. ಎಲ್ಲಿ ಕೂತಿದೆ ಎನ್ನುವುದು ಒಂದು, ತಂತಿ ಎಲ್ಲಿಂದ ಬಂದಿದೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಏನು ಹೆಸರಿಡುವುದೆಂದು ಯೋಚಿಸುತ್ತಿದ್ದಾಗ ಮೇಲಿನಿಂದ ಪಿಸುಮಾತು ಬಂತು: "ತವರು ಅಂತಲೇ ಹಾಕು, ಯಾರಿಗೂ ಮರೆಯೋದಿಲ್ಲ." ಹಾಗೆಯೇ ಹಾಕಿದಳು. ಮೇಲಧಿಕಾರಿಗಳು ಕೇಳಿದರೆ ವಿವರಿಸಿದರಾಯಿತು.

"ಮುನ್ನೂರನ್ನೂ ಇನ್ನೊಂದು ಸಲ ವಿಚಾರಿಸಬೇಕಲ್ಲ ಅಣ್ಣ."

"ನಾಳೆ ಬೆಳಿಗ್ಗೆ ಬರ್ತೀನಿ. ನನ್ನ ತಲೇಲಿ ಇಂಥ ಇನ್ನೂ ನಾಲ್ಕಾರು ಸೊಸೇರು ಇದಾರೆ."

ಮೂರೂವರೆಗೆ ಎದುರಿನ ಕಟ್ಟಡದ ಪೆಟ್ಟಿಗೆಯನ್ನು ಆಫ್ ಮಾಡಿದರೆಂದು ಫೋನ್ ಬಂತು. ಇಬ್ಬರೂ ಕೈಕಟ್ಟಿಕೊಂಡು ಪರದೆಯ ಮುಂದೆ ನಿಂತರು. ಏನೂ ಆಗಲಿಲ್ಲ. ಗೆರೆಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಒಂದು ಕೂಸು ಆಕಳಿಸಿತು. ಇನ್ನೈದು ನಿಮಿಷ ಕಳೆದರೂ ಏನೂ ಆಗಲಿಲ್ಲ. ಇಂಜಿನಿಯರಮ್ಮನಿಗೆ ಈ ಎಂಟು ತಿಂಗಳಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸಿಸ್ಟರ್ ಕೂಸನ್ನು ತೊಟ್ಟಿಲಿಗೆ ಇಳಿಸಿ, ಹೊದಿಕೆ ಸರಿಪಡಿಸಿ ತಿರುಗಿ ನೋಡಿದಳು.

"ಏನ್ರೀ, ಇನ್ನೂ ಇಲ್ಲೇ ನಿಂತಿದೀರಾ? ನಿಮ್ಮ ಇಲಾಖೇಲಿ ಕೆಲಸವೇ ಇರೋದಿಲ್ವೇನೋ."