ಒಂಬತ್ತನೆಯ ಸರದಿ

ಸುರಂಗ ಕುಸಿದು ಐದು ದಿನವಾಗಿತ್ತು. ಒಳಗೆ ಸಿಕ್ಕಿಬಿದ್ದ ಕೆಲಸಗಾರ ಸತ್ತನೆಂದು ಬರೆದು, ಹುಡುಕಾಟ ನಿಲ್ಲಿಸಿ, ಪಕ್ಕದ ಕವಲಿನಲ್ಲಿ ಕೊರೆತವನ್ನೂ ಶುರುಮಾಡಿದ್ದರು. ಆದರೆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಅವನ ವೈರ್‌ಲೆಸ್ ಸೆಟ್ಟಿನ ಜಾಗ, ಒಂಬತ್ತನೆಯ ಸರದಿ, ಇನ್ನೂ ಖಾಲಿಯೇ ಇತ್ತು. ಪರದೆಯ ಮುಂದೆ ಕೂತಿದ್ದ ಆಪರೇಟರ್ ಅವನ ಒಡಹುಟ್ಟಿದ ತಂಗಿ.

"ಉಳಿದ ಸೆಟ್ಟುಗಳು ಸತ್ತವನಿಗೆ ಮರ್ಯಾದೆ ಕೊಡ್ತಿವೆ ಬಿಡಮ್ಮ," ಎಂದ ಸೂಪರ್‌ವೈಸರ್.

"ಇವಕ್ಕೆಲ್ಲಿಯ ಮರ್ಯಾದೆ ಸಾರ್?" ಮೆಕ್ಯಾನಿಕ್ ಕನ್ನಡಕ ಸರಿಮಾಡಿಕೊಂಡ. "ಖಾಲಿ ಸೀಟು ಕಂಡ್ರೆ ಕರ್ಚೀಫ್ ಎಸೆಯೋ ಪೈಕಿ."

ಅವನ ಮಾತು ಸುಳ್ಳಲ್ಲ. ಕೆಲಸಗಾರರ ಎದೆಗೆ ಕಟ್ಟುವ ಹನ್ನೆರಡು ಸೆಟ್ಟುಗಳಿಗೆ ಇದ್ದದ್ದು ಒಂದೇ ಚಾನೆಲ್. ಕಟ್ಟಿಕೊಂಡವನು ಉಸಿರಾಡುವಷ್ಟು ಹೊತ್ತು ಪ್ರತಿ ಸೆಟ್ಟೂ ಸಂಕೇತ ಕಳಿಸುತ್ತಲೇ ಇರಬೇಕು; ಉಸಿರು ನಿಂತರೆ ಸಂಕೇತವೂ ನಿಲ್ಲುತ್ತದೆ. ಯಾರ ಸರದಿ ಯಾವಾಗ ಎಂದು ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಒಟ್ಟಿಗೆ ನುಗ್ಗಿದರೆ ಎರಡರದೂ ಹಾಳು. ಪೆಟ್ಟು ತಿಂದದ್ದು ಹಿಂದೆ ಸರಿಯುತ್ತಿತ್ತು. ಗೆದ್ದದ್ದರ ಚಾಳಿಯನ್ನು ಉಳಿದವು ಕಲಿಯುತ್ತಿದ್ದವು. ಹೀಗೆ ಆರು ತಿಂಗಳು ಬಡಿದಾಡಿ ತಮ್ಮಷ್ಟಕ್ಕೆ ಸರದಿ ಕಟ್ಟಿಕೊಂಡಿದ್ದವು. ಹೋದ ತಿಂಗಳು ಎರಡನೆಯ ಸೆಟ್ಟು ರಿಪೇರಿಗೆ ಹೋದಾಗ ಅದರ ಜಾಗವನ್ನು ಹತ್ತೇ ನಿಮಿಷದಲ್ಲಿ ನುಂಗಿ ನೀರು ಕುಡಿದಿದ್ದವು.

"ಹಾಗಾದ್ರೆ ಒಂಬತ್ತನ್ನ ಯಾಕೆ ಮುಟ್ತಿಲ್ಲ?" ಅವಳು ಪರದೆಯ ಖಾಲಿ ಜಾಗಕ್ಕೆ ಬೆರಳಿಟ್ಟಳು.

"ಮುಟ್ತಿವೆ ಅಕ್ಕ, ದಿನಾ ಮುಟ್ತಿವೆ. ಪ್ರತಿ ಸಲ ಪೆಟ್ಟು ತಿಂದು ವಾಪಸ್ ಬರ್ತಿವೆ. ಒಂಬತ್ತರ ಸಂಕೇತ ಇಲ್ಲಿಗೆ ನಮಗೆ ಸಿಗ್ತಿಲ್ಲ, ಪಕ್ಕದ ಕವಲಲ್ಲಿ ಕೊರೀತಿರೋರ ಸೆಟ್ಟುಗಳಿಗೆ ಸಿಗ್ತಿದೆ." ಅವನು ದನಿ ತಗ್ಗಿಸಿದ. "ಅಲ್ಲಿ ಯಾರೋ ಉಸಿರಾಡ್ತಿದ್ದಾರೆ."

ಬಂಡೆಯ ಆಚೆ, ಕತ್ತಲಲ್ಲಿ, ಐದು ದಿನದಿಂದ ಅಣ್ಣ ತನ್ನ ಜಾಗ ಹಿಡಿದುಕೊಂಡೇ ಇದ್ದಾನೆ ಎಂದು ತಿಳಿದು ಅವಳಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು.

"ಕೊರೆಯೋ ಯಂತ್ರನ ಅವನ ಕಡೆ ತಿರುಗಿಸೋಕೆ ಮೇಲಿನವರ ಒಪ್ಪಿಗೆ ಬೇಕು," ಎಂದು ಸೂಪರ್‌ವೈಸರ್ ಫೋನು ಹಿಡಿದು ಹೊರಗೆ ಓಡಿದ. ಮುಕ್ಕಾಲು ಗಂಟೆ ಒಬ್ಬರಾದ ಮೇಲೊಬ್ಬರಿಗೆ ಅಂಗಲಾಚಿದ. ಕೊನೆಗೆ ಬೆವರು ಒರೆಸುತ್ತ ಬಾಗಿಲು ತಳ್ಳಿದ. "ಒಪ್ಪಿದ್ರಮ್ಮ! ಈಗಲೇ ತಿರುಗಿಸ್ತಾರೆ!"

ಇಬ್ಬರೂ ಹಿಂದಿರುಗಿ ನೋಡಲಿಲ್ಲ. ಪರದೆಯ ಮೇಲೆ ನಾಲ್ಕನೆಯ ಸೆಟ್ಟು ಮೆಲ್ಲಗೆ ಒಂಬತ್ತರ ಸರದಿಯೊಳಗೆ ಕಾಲಿಟ್ಟಿತ್ತು. ಪೆಟ್ಟು ಬೀಳಲಿಲ್ಲ. ಇನ್ನೊಮ್ಮೆ ಇಟ್ಟಿತು. ಬೀಳಲಿಲ್ಲ.

ಅವಳು ಮೈಕ್ ಎಳೆದುಕೊಂಡಳು.

"ನಾಲ್ಕನೇ ನಂಬರ್‌ನೋರೇ, ದಮ್ಮಯ್ಯ, ಒಂದು ಗಳಿಗೆ ಉಸಿರು ಬಿಗಿಹಿಡೀರಿ. ಅದು ನಮ್ಮಣ್ಣನ ಜಾಗ."